ಗುತ್ತಿಗೆ ಪತ್ರದಲ್ಲಿ ಕೂಲಿಯ ದರ ಬರೆಸಿದ ಜಾನ್ ಬರ್ನ್ಸ್

ಮುಂಬಯಿ ಮಹಾನಗರ ಪಾಲಿಕೆಗೆ ಆಧಾರವಾದ ಕಾಯ್ದೆ 1888ರದ್ದು. ಅದೇ ವರ್ಷ ಬ್ರಿಟಿಷ್ ಸಂಸತ್ತು ಅಂಗೀಕರಿಸಿದ ಇನ್ನೊಂದು ಕಾಯ್ದೆಯಿಂದ ಲಂಡನ್ ಕೌಂಟಿ ಕೌನ್ಸಿಲ್ ಅಸ್ತಿತ್ವಕ್ಕೆ ಬಂತು. 1889ರ ಜನವರಿಯಲ್ಲಿ ಅದರ ಮೊದಲ ಚುನಾವಣೆ ನಡೆದಾಗ ಬ್ಯಾಟರ್‌ಸೀ ಎಂಬ ಕಾರ್ಮಿಕರ ಬಡಾವಣೆಯಿಂದ ಗೆದ್ದು ಬಂದವರಲ್ಲಿ ಒಬ್ಬರು ಯಂತ್ರ ಕಾರ್ಖಾನೆಯ ಕೆಲಸಗಾರರು. ಅವರೇ ಜಾನ್ ಬರ್ನ್ಸ್. ಪಾಲಿಕೆಯ ಕಾಮಗಾರಿ ಹಿಡಿದ ಗುತ್ತಿಗೆದಾರ ತನ್ನ ಆಳುಗಳಿಗೆ ನ್ಯಾಯವಾದ ಕೂಲಿ ಕೊಡಲೇಬೇಕು ಎಂಬ ಶರತ್ತಿಗಾಗಿ ಹೋರಾಡಿದವರಲ್ಲಿ ಅವರದು ಮುಂಚೂಣಿಯ ಹೆಸರು.

ಬರ್ನ್ಸ್ ಹುಟ್ಟಿದ್ದು 1858ರ ಅಕ್ಟೋಬರ್ 20ರಂದು, ದಕ್ಷಿಣ ಲಂಡನ್ನಿನಲ್ಲಿ. ತಂದೆ ಸ್ಕಾಟ್ಲೆಂಡ್ ಮೂಲದ ಫಿಟ್ಟರ್. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹತ್ತನೆಯ ವಯಸ್ಸಿಗೇ ಶಾಲೆ ಬಿಟ್ಟ ಹುಡುಗ ಮೇಣದಬತ್ತಿ ಕಾರ್ಖಾನೆಗೆ ಸೇರಿದ. ಮುಂದೆ ಎಂಜಿನಿಯರಿಂಗ್ ಕೆಲಸ ಕಲಿತು, ಆಫ್ರಿಕಾದ ನೈಜರ್ ನದಿಯ ಹಡಗುಗಳಲ್ಲಿ ಕೆಲಕಾಲ ದುಡಿದು ಬಂದರು. ಓದು ಮಾತ್ರ ಎಲ್ಲಿಯೂ ನಿಲ್ಲಲಿಲ್ಲ. 1887ರ ನವೆಂಬರ್‌ನಲ್ಲಿ ಟ್ರಫಾಲ್ಗರ್ ಚೌಕದಲ್ಲಿ ನಿಷೇಧ ಮುರಿದು ಸಭೆ ನಡೆಸಲು ಹೊರಟದ್ದಕ್ಕೆ ಆರು ವಾರ ಜೈಲುವಾಸವನ್ನೂ ಅನುಭವಿಸಿದರು.

ಕೌನ್ಸಿಲ್ ಸದಸ್ಯರಿಗೆ ಆಗ ಸಂಬಳವಿರಲಿಲ್ಲ. ದುಡಿದು ಉಣ್ಣುವವರು ಸಭೆಗೆ ಬರುವುದಾದರೂ ಹೇಗೆ? ಬ್ಯಾಟರ್‌ಸೀಯ ಕಾರ್ಮಿಕರೇ ಚಂದಾ ಎತ್ತಿ ವಾರಕ್ಕೆ ಎರಡು ಪೌಂಡ್ ಕೊಟ್ಟು ತಮ್ಮ ಪ್ರತಿನಿಧಿಯನ್ನು ಸಾಕಿದರು. ಸಂಘ ಸಂಸ್ಥೆಗಳಿಗಾಗಿ ವಂತಿಗೆ ಪುಸ್ತಕ ಹಿಡಿದು ಮನೆ ಮನೆ ತಿರುಗಿದವರಿಗೆ ಇದರ ಬೆಲೆ ಗೊತ್ತು.

ಆ ಕಾಲದ ಟೆಂಡರ್ ಪದ್ಧತಿ ಸರಳವಾಗಿತ್ತು. ಕಡಿಮೆ ಮೊತ್ತ ಬರೆದವನಿಗೆ ಕೆಲಸ. ಆದರೆ ಇಟ್ಟಿಗೆ, ಸುಣ್ಣ, ಮರದ ಬೆಲೆ ಎಲ್ಲ ಗುತ್ತಿಗೆದಾರರಿಗೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಕಡಿತವೆಲ್ಲ ಬಂದು ಬೀಳುತ್ತಿದ್ದುದು ಆಳಿನ ಕೂಲಿಯ ಮೇಲೆ. ಸರಿಯಾದ ಕೂಲಿ ಕೊಡುವ ಗುತ್ತಿಗೆದಾರನಿಗೆ ಕೆಲಸವೇ ಸಿಗದು. ಲಂಡನ್ನಿನ ಶಾಲಾ ಮಂಡಳಿ 1889ರ ಆರಂಭದಲ್ಲಿ ಇದಕ್ಕೆ ತಡೆ ಹಾಕಿತು. ಬರ್ನ್ಸ್ ಮತ್ತು ಅವರ ಪ್ರಗತಿಪರ ಸಂಗಾತಿಗಳ ಒತ್ತಾಯದಿಂದ ಕೌಂಟಿ ಕೌನ್ಸಿಲ್ ಕೂಡ ಅದೇ ವರ್ಷ ನ್ಯಾಯ ಕೂಲಿಯ ಶರತ್ತನ್ನು ಒಪ್ಪಿತು. ಅದೇ ಆಗಸ್ಟ್‌ನಲ್ಲಿ ಹಡಗುಕಟ್ಟೆ ಕಾರ್ಮಿಕರ ಮುಷ್ಕರದ ಮುಂದಾಳುವಾಗಿ, ಗಂಟೆಗೆ ಆರು ಪೆನ್ನಿ ಕೂಲಿ ಗಿಟ್ಟಿಸಿಕೊಡಲು ನೆರವಾದ ಬರ್ನ್ಸ್ ದೇಶಕ್ಕೆಲ್ಲ ಪರಿಚಿತರಾದರು.

ಬರೀ ನ್ಯಾಯವಾದ ಕೂಲಿ ಎಂದರೆ ಎಷ್ಟು? ಆ ಮಾತಿಗೆ ಗುತ್ತಿಗೆದಾರ ತನಗೆ ಬೇಕಾದ ಅರ್ಥ ಹಚ್ಚಬಹುದಿತ್ತು. ಆದ್ದರಿಂದ 1892ರಲ್ಲಿ ಶರತ್ತನ್ನು ಬಿಗಿ ಮಾಡಲಾಯಿತು. ಕಾರ್ಮಿಕ ಸಂಘಗಳೂ ಮಾಲಕರೂ ಒಪ್ಪಿದ ದರಗಳ ಪಟ್ಟಿಯೇ ಗುತ್ತಿಗೆ ಪತ್ರದೊಳಗೆ ಸೇರಿತು. ತೆರಿಗೆದಾರರ ದುಡ್ಡು ಪೋಲಾಗುತ್ತದೆ ಎಂಬ ಕೂಗು ಎದ್ದದ್ದು ಸಹಜ. ಯಾರ್ಕ್ ರಸ್ತೆಯ ಒಳಚರಂಡಿಗೆ ಎಂಜಿನಿಯರರ ಅಂದಾಜು 7,000 ಪೌಂಡ್ ಇದ್ದರೆ, ಬಂದ ಎರಡೇ ಟೆಂಡರುಗಳು 11,500 ಪೌಂಡಿಗೂ ಮೇಲಿದ್ದವು. ಕೌನ್ಸಿಲ್ ಅಂಜಲಿಲ್ಲ. ತಾನೇ ಆಳುಗಳನ್ನಿಟ್ಟು ಕೆಲಸ ಮಾಡಿಸಿತು. ಖರ್ಚು ಆ ಟೆಂಡರುಗಳಿಗಿಂತ ಬಹಳ ಕಡಿಮೆಯಾಯಿತು. ಅದೇ ವರ್ಷ ಕೌನ್ಸಿಲ್ಲಿನ ಸ್ವಂತ ಕಾಮಗಾರಿ ವಿಭಾಗವೂ ಆರಂಭವಾಯಿತು. ಆ ವಿಭಾಗದಲ್ಲಿ ಮುಂದೆ ಲೆಕ್ಕ ತಿದ್ದಿದ ಹಗರಣವೂ ಆಯಿತು. 1907ರಲ್ಲಿ ಎದುರು ಪಕ್ಷ ಅಧಿಕಾರ ಹಿಡಿದ ಮೇಲೆ ಅದಕ್ಕೆ ಬೀಗ ಬಿತ್ತು. ಕೂಲಿಯ ಶರತ್ತಿನ ಕಥೆ ಬೇರೆ. 1891ರಲ್ಲೇ ಬ್ರಿಟಿಷ್ ಸಂಸತ್ತು ಸರಕಾರಿ ಗುತ್ತಿಗೆಗಳಿಗೂ ಅಂಥ ನಿರ್ಣಯ ಮಾಡಿತ್ತು; ಮುಂದೆ ತಿದ್ದುಪಡಿಗಳೊಂದಿಗೆ ಅದು 1983ರ ತನಕ ಉಳಿಯಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 1949ರಲ್ಲಿ ಇದೇ ವಿಷಯದ ಒಡಂಬಡಿಕೆಯನ್ನು ರೂಪಿಸಿತು.

ಒಂದು ಕೊರತೆಯನ್ನು ಹೇಳಲೇಬೇಕು. ಸಂಘ ಒಪ್ಪಿದ ದರವೇ ನ್ಯಾಯವೆಂದಾಗ, ಸಂಘವೇ ಇಲ್ಲದವರ ಗತಿಯೇನು? ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಬಂದು ಮುಂಬಯಿ, ಪುಣೆಯ ನಾಕಾಗಳಲ್ಲಿ ಬೆಳಿಗ್ಗೆ ಕೆಲಸಕ್ಕಾಗಿ ಕಾಯುವ ನಮ್ಮವರ ಹೆಸರು ಯಾವ ಸಂಘದ ಪಟ್ಟಿಯಲ್ಲಿದೆ? ಭಾರತದ 1948ರ ಕನಿಷ್ಠ ವೇತನ ಕಾಯ್ದೆ ಸ್ಥಳೀಯ ಸಂಸ್ಥೆಗಳ ಕೆಲಸವನ್ನೂ ರಸ್ತೆ, ಕಟ್ಟಡ ಕೆಲಸವನ್ನೂ ತನ್ನ ಅನುಸೂಚಿಗೆ ಸೇರಿಸಿ, ದರ ನಿಗದಿಯನ್ನು ಸರಕಾರಕ್ಕೇ ವಹಿಸಿತು. ಆದರೂ ಕಾಮಗಾರಿಯ ಬಿಲ್ ಪಾಸು ಮಾಡುವುದು ಪಾಲಿಕೆ. ಕೂಲಿ ಸಂದಿದೆಯೇ ಎಂದು ಕೇಳಲು ಅದಕ್ಕಿಂತ ಅನುಕೂಲ ಯಾರಿಗಿದೆ?

1892ರಲ್ಲಿ ಸಂಸತ್ತಿಗೆ ಹೋದ ಬರ್ನ್ಸ್ 1905ರಲ್ಲಿ ಮಂತ್ರಿಯಾದರು. ಕಾರ್ಮಿಕ ವರ್ಗದಿಂದ ಬಂದ ಒಬ್ಬರು ಅಲ್ಲಿನ ಸಂಪುಟ ಸೇರಿದ್ದು ದೊಡ್ಡ ಸುದ್ದಿ. ಆದರೆ ನಿರುದ್ಯೋಗಿಗಳ ವಿಷಯದಲ್ಲಿ ಮಂತ್ರಿ ಬರ್ನ್ಸ್ ಬಿಗಿಯಾಗಿ ನಡೆದುಕೊಂಡರೆಂದು ಹಳೆಯ ಗೆಳೆಯರು ಮುನಿಸಿಕೊಂಡರು. ಮುನಿಸಿಗೆ ಕಾರಣವೂ ಇತ್ತು. 1914ರಲ್ಲಿ ಯುದ್ಧವನ್ನು ಒಪ್ಪದೆ ಪದವಿ ಬಿಟ್ಟ ಮೇಲೆ ಪುಸ್ತಕಗಳ ನಡುವೆ ಕಾಲ ಕಳೆದು, 1943ರ ಜನವರಿ 24ರಂದು ತೀರಿಕೊಂಡರು. ಅಷ್ಟರಲ್ಲಿ, 1922ರಲ್ಲಿ, ಅದೇ ಬ್ಯಾಟರ್‌ಸೀಯ ಉತ್ತರ ಭಾಗ ಮುಂಬಯಿಯಲ್ಲೇ ಹುಟ್ಟಿದ ಶಾಪುರ್ಜಿ ಸಕ್ಲಾತ್‌ವಾಲಾ ಅವರನ್ನು ಸಂಸತ್ತಿಗೆ ಆರಿಸಿ ಕಳಿಸಿತ್ತು.

ಬ್ಯಾಟರ್‌ಸೀಯ ಸ್ಥಳೀಯ ಕೌನ್ಸಿಲ್ ಗುತ್ತಿಗೆಗೆ ಕೊಡದೆ, ತನ್ನದೇ ಕೆಲಸಗಾರರಿಂದ 1903ರಲ್ಲಿ ಕಟ್ಟಿಸಿದ ಲ್ಯಾಚ್‌ಮಿಯರ್ ಬಡಾವಣೆ ಈಗಲೂ ಇದೆ. ಅಲ್ಲಿನ ಒಂದು ರಸ್ತೆಯ ಹೆಸರು ಬರ್ನ್ಸ್ ರೋಡ್.