ಸ್ಪಿನೋಝಾ: ಒಬ್ಬ ಬಹಿಷ್ಕೃತನ ಬಾಳು

ಬಹಿಷ್ಕಾರವೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಂಕಿ-ನೀರು ಕೊಡದಿರುವದು, ಪಂಕ್ತಿಯಲ್ಲಿ ಕೂಡಗೊಡದಿರುವದು, ಮನೆಯಲ್ಲಿ ಸಾವಾದರೂ ಹೆಗಲು ಕೊಡದಿರುವದು, ಇವುಗಳ ಕಾವು ಎಂಥದೆಂಬುದನ್ನು ನಮ್ಮ ಹಿರಿಯರು ಕಂಡುಂಡಿದ್ದಾರೆ. ಇಂಥ ಶಿಕ್ಷೆಗೆ ಗುರಿಯಾದವರು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಎರಡು. ಪ್ರಾಯಶ್ಚಿತ್ತ ಮಾಡಿಕೊಂಡು ತಿರುಗಿ ಒಳಗೆ ಬರುವದು ಒಂದು. ಇನ್ನೊಂದು ಮತದ ನೆರಳಿಗೆ ಹೋಗಿ ನಿಲ್ಲುವದು ಮತ್ತೊಂದು. ಈ ಎರಡನ್ನೂ ಒಲ್ಲದೆ, ಯಾವ ಗುಂಪಿಗೂ ಸೇರದೆ, ಇಪ್ಪತ್ತು ವರುಷಗಳ ಕಾಲ ಬೇರೆಯಾಗಿಯೇ ಬಾಳಿ ಸತ್ತವನು ಹಾಲಂಡ ದೇಶದ ತತ್ತ್ವಜ್ಞನಾದ ಸ್ಪಿನೋಝಾ. ಆತನ ತತ್ತ್ವವನ್ನು ಪಂಡಿತರು ಚರ್ಚಿಸಲಿ. ಆ ಬಾಳಿಗೆ ಆತನು ತೆತ್ತ ಬೆಲೆಯೆಷ್ಟೆಂಬುದನ್ನಷ್ಟೇ ನಾವು ಇಲ್ಲಿ ನೋಡತಕ್ಕದ್ದು.

ಬಾರೂಕ್ ಸ್ಪಿನೋಝಾ ಹುಟ್ಟಿದ್ದು 1632ನೆಯ ಇಸವಿಯ ನವೆಂಬರ 24ರಂದು, ಆಮ್‌ಸ್ಟರ್‌ಡ್ಯಾಮ್ ಪಟ್ಟಣದಲ್ಲಿ. ಆತನ ಮನೆತನದವರು ಪೋರ್ತುಗಾಲದಿಂದ ಬಂದ ಯಹೂದ್ಯರು. ಅಲ್ಲಿ ಯಹೂದ್ಯರನ್ನು ಒತ್ತಾಯದಿಂದ ಕ್ರೈಸ್ತರನ್ನಾಗಿ ಮಾಡಲಾಗಿತ್ತು. ಮತವಿಚಾರಣೆಯ ನ್ಯಾಯಸ್ಥಾನಗಳು ಮನೆಯೊಳಗೆ ಗುಟ್ಟಾಗಿ ಹಳೆಯ ಆಚಾರವನ್ನು ನಡೆಸಿದವರನ್ನು ಹಿಡಿದು ಸುಡುತ್ತಿದ್ದವು. ಅಂಥ ಬೆಂಕಿಯಿಂದ ತಪ್ಪಿಸಿಕೊಂಡು ಬಂದವರಿಗೆ ಹಾಲಂಡವು ಆಶ್ರಯ ಕೊಟ್ಟಿತ್ತು. ತಂದೆಯು ವ್ಯಾಪಾರಸ್ಥನು, ಸಮಾಜದಲ್ಲಿ ಮಾನವುಳ್ಳವನು. ಮಗನು ಚಿಕ್ಕಂದಿನಲ್ಲಿ ಹೀಬ್ರೂ ಭಾಷೆಯನ್ನೂ ಧರ್ಮಗ್ರಂಥಗಳನ್ನೂ ಓದಿದನು. 1654ರಲ್ಲಿ ತಂದೆಯು ತೀರಿಕೊಂಡ ಮೇಲೆ ತಮ್ಮನಾದ ಗೇಬ್ರಿಯಲ್‌ನೊಡನೆ ಅಂಗಡಿಯ ವ್ಯವಹಾರವನ್ನು ನೋಡಿಕೊಳ್ಳಹತ್ತಿದನು.

ಎರಡೇ ವರುಷಗಳಲ್ಲಿ ಎಲ್ಲವೂ ಮುಗಿಯಿತು. 1656ನೆಯ ಜುಲೈ 27ರಂದು ಯಹೂದ್ಯರ ಪ್ರಾರ್ಥನಾಮಂದಿರದಲ್ಲಿ ಬಹಿಷ್ಕಾರದ ಶಾಸನವನ್ನು ಓದಿದರು. ಆಗ ಸ್ಪಿನೋಝಾನಿಗೆ 23 ವರುಷ. ಆತನೊಡನೆ ಯಾರೂ ಮಾತಾಡಕೂಡದು, ಪತ್ರ ಬರೆಯಕೂಡದು, ಉಪಕಾರ ಮಾಡಕೂಡದು, ಒಂದೇ ಸೂರಿನಡಿಯಲ್ಲಿ ಇರಕೂಡದು, ನಾಲ್ಕು ಮೊಳದ ಒಳಗೆ ಸುಳಿಯಕೂಡದು, ಆತನು ಬರೆದುದನ್ನು ಓದಕೂಡದು ಎಂದು ಅದರ ತಾತ್ಪರ್ಯ. ಅಪರಾಧವೇನೆಂಬುದನ್ನು ಮಾತ್ರ ಬಿಡಿಸಿ ಹೇಳಿರಲಿಲ್ಲ. ಘೋರವಾದ ಪಾಷಂಡ ಮತಗಳೆಂದೂ ದುಷ್ಕೃತ್ಯಗಳೆಂದೂ ಮೊಗಮ್ಮಾಗಿ ಸೂಚಿಸಿದ್ದರು. ಆ ಹೊತ್ತಿಗೆ ಆತನು ಒಂದು ಪುಸ್ತಕವನ್ನೂ ಪ್ರಕಟಿಸಿರಲಿಲ್ಲ.

ಈ ಶಾಸನವನ್ನು ಹೊರಡಿಸಿದವರನ್ನು ದುಷ್ಟರೆಂದು ತೆಗೆದುಹಾಕುವದು ಸುಲಭ, ಅದು ನ್ಯಾಯವಲ್ಲ. ಅವರು ಪರರ ನಾಡಿನಲ್ಲಿ ದಾಕ್ಷಿಣ್ಯದ ಮೇಲೆ ಬದುಕುತ್ತಿದ್ದ ನಿರಾಶ್ರಿತರು. ತಮ್ಮಲ್ಲಿ ನಾಸ್ತಿಕರು ಹುಟ್ಟಿದರೆಂಬ ಕೂಗು ಎದ್ದರೆ ಪಟ್ಟಣದ ಅಧಿಕಾರಿಗಳು ಸುಮ್ಮನಿರುವರೇ ಎಂಬ ಭಯವು ಅವರಿಗಿದ್ದಿರಬೇಕು. ಪೆಟ್ಟು ತಿಂದ ಸಮಾಜವು ತನ್ನೊಳಗಿನ ಭಿನ್ನದನಿಯನ್ನು ಹೊರಗಿನವರಿಗಿಂತ ಕಠೋರವಾಗಿ ಅದುಮುವದುಂಟು. ಮುಂದೆ ಏನಾಗುವದೆಂಬುದು ಸ್ಪಿನೋಝಾನಿಗೂ ತಿಳಿಯದ ವಿಷಯವಾಗಿರಲಿಲ್ಲ. ಆತನು ಏಳು ವರುಷದ ಹುಡುಗನಾಗಿದ್ದಾಗ, 1640ರಲ್ಲಿ, ಅದೇ ಸಮಾಜದ ಊರಿಯೆಲ್ ದ ಕೋಸ್ಟಾ ಎಂಬವನು ಬಹಿಷ್ಕಾರವನ್ನು ತಾಳಲಾರದೆ ಶರಣು ಬಂದಿದ್ದನು. ತುಂಬಿದ ಮಂದಿರದಲ್ಲಿ ಅವನಿಂದ ತಪ್ಪೊಪ್ಪಿಗೆಯನ್ನು ಓದಿಸಿ, 39 ಚಡಿ ಏಟು ಹೊಡೆದು, ಹೊಸ್ತಿಲಲ್ಲಿ ಮಲಗಿಸಿ, ಎಲ್ಲರೂ ಅವನನ್ನು ದಾಟಿಕೊಂಡು ಹೋದರು. ಅವನು ಮನೆಗೆ ಹೋಗಿ ಗುಂಡು ಹಾರಿಸಿಕೊಂಡು ಸತ್ತನು. ಒಳಗೆ ತಿರುಗಿ ಬರುವ ಬಾಗಿಲು ಎಂಥದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವೇಕೆ?

ಹಿರಿಯರು ಮೊದಲು ಸಾಮೋಪಾಯವನ್ನು ಮಾಡಿ ನೋಡಿದರೆಂದು ಸ್ಪಿನೋಝಾನ ಹಳೆಯ ಚರಿತ್ರಕಾರನಾದ ಕೊಲೆರಸನು ಬರೆದಿದ್ದಾನೆ. ಆಗಾಗ್ಗೆ ಮಂದಿರಕ್ಕೆ ಬಂದು ಮೋರೆ ತೋರಿಸಿದರೆ ಸಾಕು, ವರುಷಕ್ಕೆ 1000 ಗಿಲ್ಡರ್ ವೇತನ ಕೊಡುತ್ತೇವೆಂದು ಹೇಳಿದರಂತೆ. ಮನಸ್ಸಿನಲ್ಲಿ ಬೇಕಾದುದನ್ನು ಇಟ್ಟುಕೊಂಡು ಮೈಯನ್ನಷ್ಟು ಪಂಕ್ತಿಯಲ್ಲಿ ಕೂಡ್ರಿಸುವ ಈ ಒಪ್ಪಂದಕ್ಕೆ ಲೋಕದಲ್ಲಿ ಒಪ್ಪದವರು ವಿರಳ. ಸ್ಪಿನೋಝಾನು ಒಪ್ಪಲಿಲ್ಲ. ಹೊರಗೆ ಹಾಕಿದ ಮೇಲೆ ಕ್ರೈಸ್ತನಾಗಿದ್ದರೆ ಆತನ ಬಾಳು ಎಷ್ಟೋ ಹಗುರವಾಗುತ್ತಿತ್ತು. ಆತನ ಸ್ನೇಹಿತರಲ್ಲಿ ಬಹುಜನರು ಕ್ರೈಸ್ತರೇ. ಆ ದಾರಿಯನ್ನೂ ಹಿಡಿಯಲಿಲ್ಲ. ಮನುಷ್ಯನಿಗೆ ಯಾವದಾದರೊಂದು ಮತದ ಹೆಸರು ಇರಲೇಬೇಕಾಗಿದ್ದ ಆ ಕಾಲದಲ್ಲಿ ಹುಟ್ಟು, ಮದುವೆ, ಸಾವುಗಳಿಗೆಲ್ಲ ಗುರುಗಳ ಕೈಯೇ ಬೇಕಿತ್ತು. ಅಂಥಲ್ಲಿ ಯಾವದರ ಹೆಸರನ್ನೂ ಇಟ್ಟುಕೊಳ್ಳದೆ ಇರುವದು ಸಾಮಾನ್ಯ ಧೈರ್ಯವಲ್ಲ. ಆತನು ಮದುವೆಯಾಗಲಿಲ್ಲ.

ಅಂಗಡಿ ಹೋಯಿತು, ಬಂಧುಗಳು ದೂರವಾದರು. ತಂದೆಯ ಆಸ್ತಿಯ ಬಗ್ಗೆ ಅಕ್ಕತಂಗಿಯರು ತಕರಾರು ತೆಗೆದಾಗ ಆತನು ಹಕ್ಕನ್ನು ಸಾಧಿಸಿ, ಒಂದು ಮಂಚ-ಹಾಸಿಗೆಯ ಹೊರತು ಎಲ್ಲವನ್ನೂ ಅವರಿಗೇ ಬಿಟ್ಟುಕೊಟ್ಟನೆಂದು ಕಥೆಯಿದೆ. ಹೊಟ್ಟೆಗಾಗಿ ದೂರದರ್ಶಕ, ಸೂಕ್ಷ್ಮದರ್ಶಕಗಳ ಕಾಚುಗಳನ್ನು ಉಜ್ಜಿ ನಯಮಾಡುವ ಕೈಕೆಲಸವನ್ನು ಹಿಡಿದನು. ಪ್ರಸಿದ್ಧ ವಿಜ್ಞಾನಿಯಾದ ಹೈಗನ್ಸನೂ ಆ ಕಾಚುಗಳನ್ನು ಹೊಗಳಿದ್ದಾನೆ. ಮೊದಲು ರೈನ್ಸ್‌ಬರ್ಗ್ ಎಂಬ ಹಳ್ಳಿ, 1663ರಿಂದ ವೂರ್‌ಬರ್ಗ್, 1670ರ ಸುಮಾರಿಗೆ ಹೇಗ್ ಪಟ್ಟಣ, ಹೀಗೆ ಬಾಡಿಗೆಯ ಕೋಣೆಗಳಲ್ಲಿಯೇ ವಾಸ. ಊಟವೆಂದರೆ ಹಾಲಿನ ಗಂಜಿ, ತುಸು ಬೆಣ್ಣೆ, ಒಂದು ಕುಡಿಕೆ ಬಿಯರು. ಚೈನಿಯೆಂದರೆ ಒಂದು ಚಿಲುಮೆ ತಂಬಾಕು. ಸಿಮೋನ್ ದ ವ್ರೀಸ್ ಎಂಬ ಶ್ರೀಮಂತ ಶಿಷ್ಯನು ತನ್ನ ಆಸ್ತಿಯನ್ನೇ ಕೊಡಬಂದಾಗ, ತಮ್ಮನಿರುವಾಗ ಹಾಗೆ ಮಾಡಕೂಡದೆಂದು ತಡೆದನು. ಆ ತಮ್ಮನು ಮುಂದೆ ವರುಷಕ್ಕೆ 500 ಗಿಲ್ಡರ್ ಕೊಡುತ್ತೇನೆಂದಾಗ 300 ಸಾಕೆಂದನು.

ಬಡತನವು ದೊಡ್ಡ ಬೆಲೆಯಲ್ಲ. ಸನ್ಯಾಸಿಗಳೂ ಅದನ್ನು ತೆರುತ್ತಾರೆ. ಸ್ಪಿನೋಝಾನು ತೆತ್ತ ನಿಜವಾದ ಬೆಲೆ ಬೇರೆಯೇ ಇದೆ. ಆಡಬೇಕಾದ ಮಾತನ್ನು ಅವನು ಆಡಲಾರದೆ ಹೋದನು. ಆತನ ಜೀವಮಾನದಲ್ಲಿ ಆತನ ಹೆಸರಿನಿಂದ ಹೊರಬಂದ ಪುಸ್ತಕವು ಒಂದೇ, ಅದೂ ಡೆಕಾರ್ಟನ ಸಿದ್ಧಾಂತಗಳ ವಿವರಣೆ, 1663ರಲ್ಲಿ. ವಿಚಾರ ಸ್ವಾತಂತ್ರ್ಯವನ್ನು ಸಮರ್ಥಿಸಿ ಬರೆದ ಗ್ರಂಥವು 1670ರಲ್ಲಿ ಹೊರಟಾಗ ಅದರ ಮೇಲೆ ಗ್ರಂಥಕರ್ತನ ಹೆಸರಿಲ್ಲ. ಪ್ರಕಾಶಕನ ಹೆಸರೂ ಊರೂ ಸುಳ್ಳು. 1674ರಲ್ಲಿ ಸರಕಾರವು ಅದನ್ನು ನಿಷೇಧಿಸಿತು. ಅದನ್ನು ಡಚ್ ಭಾಷೆಗೆ ತಿರುಗಿಸಿ ಅಚ್ಚುಹಾಕುವ ಸುದ್ದಿಯು 1671ರಲ್ಲಿ ಕಿವಿಗೆ ಬಿದ್ದಾಗ, ಹೇಗಾದರೂ ಮಾಡಿ ಅದನ್ನು ನಿಲ್ಲಿಸಬೇಕೆಂದು ಸ್ನೇಹಿತನಿಗೆ ಆತನೇ ಪತ್ರ ಬರೆದನು. ಲ್ಯಾಟಿನ್ನಿನಲ್ಲಿದ್ದರೆ ಪಂಡಿತರು ಜಗಳಾಡುವರು, ಜನರ ಭಾಷೆಯಲ್ಲಿ ಬಂದರೆ ಸೆರೆಮನೆಯ ಬಾಗಿಲು ತೆರೆಯುವದು. ಈ ಲೆಕ್ಕವನ್ನು ಆತನು ಕಣ್ಣಾರೆ ಕಂಡು ಕಲಿತಿದ್ದನು. ಆತನ ಬಳಗದ ಆದ್ರಿಯಾನ್ ಕೂರ್‌ಬಾಖ್ ಎಂಬವನು ಇಂಥವೇ ವಿಚಾರಗಳನ್ನು ಡಚ್ಚಿನಲ್ಲಿ ಬರೆದುದಕ್ಕಾಗಿ 1668ರಲ್ಲಿ ಹತ್ತು ವರುಷದ ಶಿಕ್ಷೆಗೆ ಗುರಿಯಾಗಿ, ಮರುವರುಷವೇ ಬಂದಿಯಾಗಿಯೇ ಸತ್ತನು. ಸ್ಪಿನೋಝಾನ ಮುದ್ರೆಯುಂಗುರದಲ್ಲಿ ಎಚ್ಚರದಿಂದಿರೆಂಬ ಅರ್ಥದ ಲ್ಯಾಟಿನ್ ಶಬ್ದವೊಂದಿತ್ತು. ತನ್ನ ತಾಯ್ನಾಡಿನ ಸಾಮಾನ್ಯರು ತನ್ನನ್ನು ಓದದಂತೆ ತಾನೇ ಬಾಗಿಲು ಹಾಕಿಕೊಂಡದ್ದು ವಿವೇಕವೇ ಸರಿ. ಆದರೆ ಆ ವಿವೇಕವನ್ನು ನಾವು ಲಾಭದ ಖಾತೆಗೆ ಬರೆಯಲಾರೆವು.

ಒಮ್ಮೆ ಮಾತ್ರ ಎಚ್ಚರವು ತಪ್ಪಿತು. 1672ನೆಯ ಆಗಸ್ಟ 20ರಂದು ಹೇಗ್ ಪಟ್ಟಣದಲ್ಲಿ ಹುಚ್ಚೆದ್ದ ಜನಜಂಗುಳಿಯು ದ ವಿಟ್ ಸೋದರರನ್ನು ಬೀದಿಯಲ್ಲಿ ಕೊಂದು ಕತ್ತರಿಸಿ ಹಾಕಿತು. ಅವರಲ್ಲೊಬ್ಬನಾದ ಯೋಹಾನನು ಹಾಲಂಡದ ಆಡಳಿತವನ್ನು ಸುಮಾರು 20 ವರುಷ ನಡೆಸಿದ ಮುತ್ಸದ್ದಿ. ಕೊಲೆಗಾರರನ್ನು ಪರಮ ಬರ್ಬರರೆಂದು ನಿಂದಿಸುವ ಫಲಕವನ್ನು ಅದೇ ಸ್ಥಳದಲ್ಲಿ ಹಚ್ಚಲು ಸ್ಪಿನೋಝಾನು ಹೊರಟನು. ಮನೆಯ ಮಾಲಕನು ಬಾಗಿಲಿಗೆ ಬೀಗ ಹಾಕಿ ಆತನ ಜೀವ ಉಳಿಸಿದನು. ಈ ಸಂಗತಿಯನ್ನು ಆತನೇ ಮುಂದೆ ಜರ್ಮನ್ ತತ್ತ್ವಜ್ಞನಾದ ಲೈಬ್‌ನಿಟ್ಸನಿಗೆ ಹೇಳಿದನು.

ಮರುವರುಷ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಪೀಠಕ್ಕೆ ಅಲ್ಲಿಯ ರಾಜನಿಂದ ಕರೆ ಬಂತು. ಬಹಿಷ್ಕೃತನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾವದು? ವಿಚಾರ ಸ್ವಾತಂತ್ರ್ಯವುಂಟು, ಆದರೆ ರಾಜ್ಯದಲ್ಲಿ ಸ್ಥಾಪಿತವಾದ ಮತಕ್ಕೆ ತೊಂದರೆಯಾಗದಂತೆ ಅದನ್ನು ಬಳಸುವಿರೆಂದು ನಂಬಿದ್ದೇವೆಂಬ ಸಾಲೊಂದು ಆ ಪತ್ರದಲ್ಲಿತ್ತು. ಸರಕಾರಿ ಕಾಗದಗಳನ್ನು ಬಲ್ಲ ನಮ್ಮ ವಾಚಕರಿಗೆ ಇಂಥ ಸಾಲುಗಳ ತೂಕವು ಗೊತ್ತು. ಆ ಸ್ವಾತಂತ್ರ್ಯದ ಮೇರೆ ಎಲ್ಲಿಗೆ ನಿಲ್ಲುವದೆಂಬುದು ತನಗೆ ತಿಳಿಯದೆಂದು ಬರೆದು, 1673ರ ಮಾರ್ಚ್‌ನಲ್ಲಿ ಸ್ಪಿನೋಝಾನು ಕರೆಯನ್ನು ವಿನಯದಿಂದ ತಿರುಗಿಸಿದನು.

ಇಷ್ಟೆಲ್ಲ ಆದರೂ ತನ್ನಂತೆ ಇತರರೂ ಬೇರೆಯಾಗಬೇಕೆಂದು ಆತನು ಯಾರಿಗೂ ಬೋಧಿಸಲಿಲ್ಲ. ತನ್ನ ಮತದಿಂದ ತನಗೆ ಸದ್ಗತಿಯುಂಟೇ ಎಂದು ಮನೆಯೊಡತಿಯು ಕೇಳಿದಾಗ, ಆಕೆಯ ಮತವು ಒಳ್ಳೆಯದೇ, ಶಾಂತಳಾಗಿ ಭಕ್ತಿಯಿಂದ ಬಾಳಿದರೆ ಬೇರೊಂದನ್ನು ಹುಡುಕಬೇಕಾಗಿಲ್ಲವೆಂದು ಹೇಳಿದನಂತೆ. ಮನೆಯವರು ಇಗರ್ಜಿಯಿಂದ ಬಂದರೆ ಅಂದಿನ ಉಪದೇಶವೇನೆಂದು ಕೇಳಿ ತಿಳಿದುಕೊಳ್ಳುತ್ತಿದ್ದನು. ಮನೆಮನೆಯ ಶಾಂತಿಯನ್ನು ಕೆಡಿಸುವ ನಾಸ್ತಿಕನೆಂದು ಊರವರು ಹೇಳುತ್ತಿದ್ದವನು ಹೀಗಿದ್ದನು.

ಆತನ ಮುಖ್ಯ ಗ್ರಂಥವಾದ ನೀತಿಶಾಸ್ತ್ರವು 1675ರಲ್ಲಿ ಸಿದ್ಧವಾಗಿತ್ತು. ಅಚ್ಚಿಗೆ ಕೊಡಲು ಆಮ್‌ಸ್ಟರ್‌ಡ್ಯಾಮಿಗೆ ಹೋದನು. ದೇವರಿಲ್ಲವೆಂದು ಸಾಧಿಸುವ ಪುಸ್ತಕವೊಂದು ಬರಲಿದೆಯೆಂದು ಪಾದ್ರಿಗಳು ಅಷ್ಟರಲ್ಲಿಯೇ ಗುಲ್ಲೆಬ್ಬಿಸಿದ್ದರು. ಆತನು ಹಸ್ತಪ್ರತಿಯನ್ನು ತಿರುಗಿ ತಂದು ಬರೆಯುವ ಮೇಜಿನಲ್ಲಿ ಇಟ್ಟು ಬೀಗ ಹಾಕಿದನು. ಎದೆಯ ಕ್ಷಯವು ಬಹುದಿನದಿಂದ ಇತ್ತು. ಕಾಚಿನ ಧೂಳು ಅದಕ್ಕೆ ಒಳ್ಳೆಯದನ್ನು ಮಾಡಿರಲಾರದು. 1677ನೆಯ ಫೆಬ್ರುವರಿ 21, ಆದಿತ್ಯವಾರ, ಮನೆಯವರು ಇಗರ್ಜಿಗೆ ಹೋಗಿದ್ದಾಗ ಪ್ರಾಣ ಹೋಯಿತು. ವಯಸ್ಸು 44. ಮೊದಲೇ ಹೇಳಿಟ್ಟಿದ್ದ ಪ್ರಕಾರ ಮನೆಯ ಮಾಲಕನು ಆ ಮೇಜನ್ನು ಬೀಗದ ಸಮೇತ ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕನಿಗೆ ಕಳಿಸಿದನು. ಆ ವರುಷದ ಕೊನೆಗೆ ಗ್ರಂಥಗಳು ಹೊರಬಂದವು, ಮೇಲೆ ಹೆಸರಿನ ಮೊದಲ ಅಕ್ಷರಗಳು ಮಾತ್ರ. 1678ರಲ್ಲಿ ಅವಕ್ಕೂ ನಿಷೇಧವಾಯಿತು.

ನಾಲ್ಕು ಮೊಳದ ಶಾಸನವನ್ನು ತೆಗೆದುಹಾಕಬೇಕೇ ಎಂಬ ಪ್ರಶ್ನೆಯನ್ನು ಆಮ್‌ಸ್ಟರ್‌ಡ್ಯಾಮಿನ ಯಹೂದ್ಯ ಸಮಾಜದವರು 2015ರಲ್ಲಿ ಪಂಡಿತರನ್ನು ಕೂಡಿಸಿ ಚರ್ಚಿಸಿದರು, ತೆಗೆಯಲಿಲ್ಲ. ಇತ್ತ 1677ರಲ್ಲಿ, ಆತನು ಸತ್ತ ಸುದ್ದಿಯನ್ನು ಕೇಳಿ ಸೋದರಿ ರೆಬೆಕ್ಕಳು ವಾರಸುದಾರಳೆಂದು ಮುಂದೆ ಬಂದಿದ್ದಳು. ಕ್ಷೌರಿಕನ ಬಾಕಿ, ಔಷಧದವನ ಬಾಕಿ, ಶವಸಂಸ್ಕಾರದ ಖರ್ಚು, ಇವೆಲ್ಲ ಕಳೆದರೆ ಉಳಿಯುವದೇನೂ ಇಲ್ಲವೆಂದು ಕಂಡು ಹಕ್ಕು ಬಿಟ್ಟುಕೊಟ್ಟಳು. ಪುಸ್ತಕಗಳನ್ನೂ ಬಟ್ಟೆಬರೆಗಳನ್ನೂ ಕಾಚು ಉಜ್ಜುವ ಸಾಧನಗಳನ್ನೂ ಲಿಲಾವಿನಲ್ಲಿ ಮಾರಿದರು.