ಇಂದಿನ ಚಿಂತನೆ: ಬಾಗಿಲಿಗೆ ಬಂದ ಕರಪತ್ರ



ನಾನು ಮಾಂಸ ಬಿಟ್ಟು ಹದಿನಾಲ್ಕು ವರ್ಷವಾಯಿತು. ಪ್ರಾಣಿಗಳ ವಿಷಯದಲ್ಲಿ ನನ್ನ ಲೆಕ್ಕ ಚುಕ್ತಾ ಎಂದು ಒಳಗೊಳಗೇ ಹೆಮ್ಮೆ ಇತ್ತು. ಅದನ್ನು ಅಲ್ಲಾಡಿಸಿದ್ದು ಲಂಡನ್ನಿನ ರೂತ್ ಹ್ಯಾರಿಸನ್ ಅವರ ಬದುಕು.

ಅವರು 1920ರಲ್ಲಿ ಹುಟ್ಟಿದವರು, ಮೊದಲಿನಿಂದಲೂ ಸಸ್ಯಾಹಾರಿ. ಎರಡನೇ ಮಹಾಯುದ್ಧದಲ್ಲಿ ಕ್ವೇಕರರ ಆಂಬುಲೆನ್ಸ್ ದಳದಲ್ಲಿ ದುಡಿದರು. ನಂತರ ಮದುವೆ, ಮಕ್ಕಳು, ಸಂಸಾರ. 1960ರ ಸುಮಾರಿಗೆ ಮನೆಗೆ ಒಂದು ಕರಪತ್ರ ಬಂತು. ಫಾರಂಗಳಲ್ಲಿ ಪ್ರಾಣಿಗಳನ್ನು ಹೇಗೆ ಕೂಡಿಹಾಕುತ್ತಾರೆ ಎಂಬುದು ಅದರಲ್ಲಿತ್ತು. ತಾನು ಮಾಂಸವನ್ನೇ ತಿನ್ನುವುದಿಲ್ಲ, ಇದು ತನಗೆ ಸಂಬಂಧಿಸಿದ್ದಲ್ಲ ಎಂದೇ ಅವರಿಗೆ ಮೊದಲು ಅನಿಸಿತಂತೆ. (ಓದುವಾಗ ನನ್ನ ಮಾತೇ ನನಗೆ ಕೇಳಿಸಿತು.)

ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಫಾರಂಗಳಿಗೆ ಹೋಗಿ ನೋಡಿದರು, ಆ ಉದ್ಯಮದವರ ಪತ್ರಿಕೆಗಳನ್ನೇ ಓದಿದರು. ಮಾಂಸ ಬಿಳುಪಾಗಿರಲಿ ಎಂದು ಕರುಗಳಿಗೆ ಕಬ್ಬಿಣದ ಅಂಶ ತೀರಾ ಕಡಿಮೆ ಇರುವ ಆಹಾರ ಕೊಟ್ಟು, ಬೇಕೆಂದೇ ರಕ್ತಹೀನತೆ ತರುತ್ತಿದ್ದರು. ಹೊರಳಲೂ ಜಾಗವಿಲ್ಲದ ಕತ್ತಲ ಗೂಡು. ಕೋಳಿಗಳಿಗೆ ರೆಕ್ಕೆ ಬಿಚ್ಚಲಾಗದ ತಂತಿ ಪಂಜರ. ಇದನ್ನೆಲ್ಲ 1964ರಲ್ಲಿ 'ಅನಿಮಲ್ ಮೆಷೀನ್ಸ್' ಎಂಬ ಪುಸ್ತಕವಾಗಿ ಬರೆದರು. ಕೀಟನಾಶಕಗಳ ಬಗ್ಗೆ ಬರೆದು ಹೆಸರಾಗಿದ್ದ ರೇಚಲ್ ಕಾರ್ಸನ್ ಮುನ್ನುಡಿ ಕೊಟ್ಟರು.

ಜನ ಕೆರಳಿದರು. ಸರ್ಕಾರ ಅದೇ ವರ್ಷ ಬ್ರಾಂಬೆಲ್ ಸಮಿತಿ ನೇಮಿಸಿತು, 1965ರಲ್ಲಿ ವರದಿ ಬಂತು. ಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಆಗಬೇಕು ಎಂದಿತು ಸಮಿತಿ. ಇಷ್ಟನ್ನು ಕೇಳಲು ಒಂದು ಸರ್ಕಾರಿ ಸಮಿತಿ ಬೇಕಾಯಿತಲ್ಲ! 1968ರಲ್ಲಿ ಕಾನೂನು ಬಂತು. ಇಂದು ಲೋಕವೆಲ್ಲ ಹೇಳುವ ಪಂಚ ಸ್ವಾತಂತ್ರ್ಯಗಳು ಬೆಳೆದದ್ದೂ ಆ ವರದಿಯಿಂದಲೇ: ಹಸಿವು ಬಾಯಾರಿಕೆಯಿಂದ, ಅನನುಕೂಲದಿಂದ, ನೋವು ರೋಗದಿಂದ, ಭಯದಿಂದ ಬಿಡುಗಡೆ, ಜೊತೆಗೆ ಸಹಜವಾಗಿ ನಡೆದುಕೊಳ್ಳುವ ಸ್ವಾತಂತ್ರ್ಯ.

ಮುಂದಿನದು ಹೆಚ್ಚಾಗಿ ಸಮಿತಿ, ಸಭೆ, ಪತ್ರವ್ಯವಹಾರ. ನನಗೆ ಅವರ ದೊಡ್ಡತನ ಕಾಣುವುದು ಅಲ್ಲೇ. ಬ್ರಿಟನ್ನಿನಲ್ಲಿ ಕರುಗಳ ಆ ಗೂಡುಗಳು ನಿಷೇಧವಾದದ್ದು 1990ರಲ್ಲಿ. ಕೋಳಿಗಳ ಹಳೆಯ ಮಾದರಿಯ ಪಂಜರ ಯುರೋಪ್ ಒಕ್ಕೂಟದಲ್ಲಿ ಹೋದದ್ದು 2012ರಲ್ಲಿ. ರೂತ್ 2000ದಲ್ಲೇ ತೀರಿಕೊಂಡಿದ್ದರು.

ಮೆತ್ತಾ ಭಾವನೆಗೆ ಕೂತಾಗ ಸಕಲ ಜೀವಿಗಳೆಂದರೆ ನನ್ನ ಮನಸ್ಸಿಗೆ ಬರುತ್ತಿದ್ದುದು ಬೀದಿನಾಯಿ, ಗುಬ್ಬಿ. ಶೆಡ್ಡಿನೊಳಗಿನ ಕೋಳಿ ಒಮ್ಮೆಯೂ ಬಂದಿರಲಿಲ್ಲ. ಮಾಂಸ ಬಿಟ್ಟರೂ ನಾನು ಮೊಟ್ಟೆ ಬಿಟ್ಟಿಲ್ಲ. ನಿನ್ನೆ ಅಂಗಡಿಯಲ್ಲಿ, ಈ ಮೊಟ್ಟೆ ಯಾವ ಫಾರಂದು, ಕೋಳಿಗಳನ್ನು ಹೇಗೆ ಇಟ್ಟಿದ್ದಾರೆ ಎಂದು ಕೇಳಿದೆ. ಅಂಗಡಿಯವರಿಗೆ ಗೊತ್ತಿರಲಿಲ್ಲ. ನಕ್ಕು, ಲೋಡ್ ತರುವವರ ನಂಬರ್ ಬರೆದುಕೊಟ್ಟರು. ಇವತ್ತು ಫೋನ್ ಮಾಡಬೇಕು.