ಗೆಲ್ಲದ ಸಿನಿಮಾ, ಮರೆಯದ ಗುರುದತ್

ಹಿಂದಿ ಚಿತ್ರರಂಗದ ಗುರುದತ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಅಡ್ಡಹೆಸರು ಪಡುಕೋಣೆ, ಮನೆಮಾತು ಕೊಂಕಣಿ. ಬೆಳೆದದ್ದು ಕಲ್ಕತ್ತಾದಲ್ಲಿ. ಅದಕ್ಕೇ ಇವತ್ತಿಗೂ ಎಷ್ಟೋ ಮಂದಿ ಅವರನ್ನು ಬಂಗಾಳಿ ಎಂದುಕೊಂಡಿದ್ದಾರೆ. ತಾಯಿ ವಾಸಂತಿ ಟೀಚರ್, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು.

ಮನೆಯಲ್ಲಿ ಹಣದ ತಾಪತ್ರಯ ಇದ್ದುದರಿಂದ ಕಾಲೇಜು ಓದಲು ಆಗಲಿಲ್ಲ. ಅಲ್ಮೋರಾದಲ್ಲಿ ಉದಯಶಂಕರ್ ನಡೆಸುತ್ತಿದ್ದ ಕಲಾಕೇಂದ್ರ ಸೇರಿ ನೃತ್ಯ ಕಲಿತರು. ಆಮೇಲೆ ಕಲ್ಕತ್ತಾದ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಅದನ್ನು ಬೇಗನೇ ಬಿಟ್ಟರು. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿ ಸೇರಿದಾಗ ದೇವ್ ಆನಂದ್ ಗೆಳೆಯರಾದರು. ದೇವ್ ನಿರ್ಮಾಪಕನಾದರೆ ಗುರುದತ್ ನಿರ್ದೇಶಕ, ಗುರುದತ್ ನಿರ್ದೇಶಕನಾದರೆ ದೇವ್ ನಾಯಕ ಎಂದು ಇಬ್ಬರೂ ಮಾತು ಕೊಟ್ಟುಕೊಂಡರು. ಆದರೆ ಪ್ರಭಾತ್ ಕೆಲಸ ಮುಗಿದ ಮೇಲೆ ಸುಮಾರು ಹತ್ತು ತಿಂಗಳು ಗುರುದತ್‌ಗೆ ಕೆಲಸವೇ ಇಲ್ಲ. ಬೊಂಬಾಯಿಯ ಮಾಟುಂಗಾದಲ್ಲಿ ಮನೆಯವರ ಜೊತೆ ಇದ್ದರು. ಇವತ್ತಿನ ಎಚ್‌ಆರ್ ಆಗಿದ್ದರೆ ಈ ಗ್ಯಾಪ್ ಯಾಕೆ ಎಂದು ಮೊದಲು ಕೇಳುತ್ತಿದ್ದರು! ಆ ಖಾಲಿ ದಿನಗಳಲ್ಲಿ ಬರೆದ 'ಕಶ್ಮಕಶ್' ಎಂಬ ಕಥೆಯೇ ಮುಂದೆ 1957ರಲ್ಲಿ 'ಪ್ಯಾಸಾ' ಆಯಿತು.

ದೇವ್ ಮಾತು ಉಳಿಸಿಕೊಂಡರು. 1951ರಲ್ಲಿ 'ಬಾಜಿ' ಬಂತು. ಆ ಸೆಟ್ಟಿನಲ್ಲಿ ಮೈಸೂರಿನ ವಿ.ಕೆ. ಮೂರ್ತಿ ಎಂಬ ಅಸಿಸ್ಟೆಂಟ್ ಕ್ಯಾಮೆರಾಮನ್ ಇದ್ದರು. ಬೆಂಗಳೂರಿನ ಎಸ್‌.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮಾಡಿದವರು. ಒಂದು ಕಷ್ಟದ ಶಾಟನ್ನು ಹೀಗೆ ತೆಗೆಯಬಹುದು ಎಂದು ಸೂಚಿಸಿ, ತಾವೇ ತೆಗೆದೂ ತೋರಿಸಿದರು. ಗುರುದತ್ ತಮ್ಮ ಮುಂದಿನ ಸಿನಿಮಾ 'ಜಾಲ್'ಗೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. 'ಆರ್ ಪಾರ್', 'ಮಿಸ್ಟರ್ ಅಂಡ್ ಮಿಸೆಸ್ 55', 'ಪ್ಯಾಸಾ' ಎಲ್ಲವೂ ಈ ಜೋಡಿಯದ್ದೇ. ಹಾಡು, ನಗು, ಅಳು ಎಲ್ಲಕ್ಕೂ ಜನ ದುಡ್ಡು ಕೊಟ್ಟು ಬಂದರು.

ಆಮೇಲೆ 1959ರಲ್ಲಿ ಬಂದದ್ದು 'ಕಾಗಜ್ ಕೆ ಫೂಲ್', ಅಂದರೆ ಕಾಗದದ ಹೂಗಳು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಇದರ ಲೆನ್ಸ್ ದೃಶ್ಯವನ್ನು ಅಡ್ಡಕ್ಕೆ ಹಿಂಡಿ ಮಾಮೂಲಿ ಫಿಲ್ಮಿನೊಳಗೆ ತುಂಬುತ್ತದೆ. ಥಿಯೇಟರಿನಲ್ಲಿ ಇನ್ನೊಂದು ಲೆನ್ಸ್ ಅದನ್ನು ಬಿಡಿಸಿ ಅಗಲವಾದ ಪರದೆಗೆ ಹಾಕುತ್ತದೆ. ಕಥೆಯಲ್ಲಿ ಸುರೇಶ್ ಎಂಬ ನಿರ್ದೇಶಕ ಮಳೆಯಲ್ಲಿ ನಡುಗುತ್ತಿದ್ದ ಶಾಂತಿಗೆ ತನ್ನ ಕೋಟು ಕೊಡುತ್ತಾನೆ. ಕೋಟು ಹಿಂದಿರುಗಿಸಲು ಸ್ಟುಡಿಯೊಗೆ ಬಂದವಳು ಅಕಸ್ಮಾತ್ ಕ್ಯಾಮೆರಾ ಮುಂದೆ ಹಾದುಹೋಗಿ, ಕೊನೆಗೆ ಅವನ ಚಿತ್ರದ ನಾಯಕಿಯಾಗುತ್ತಾಳೆ. ಸುರೇಶ್‌ಗೆ ದೂರವಾದ ಹೆಂಡತಿ ಇದ್ದಾಳೆ, ಹಾಸ್ಟೆಲಿನಲ್ಲಿ ಓದುವ ಮಗಳಿದ್ದಾಳೆ. ಇಬ್ಬರ ಪ್ರೀತಿ ಬಾಯಿಬಿಟ್ಟು ಹೇಳುವಷ್ಟು ದೂರವೂ ಹೋಗುವುದಿಲ್ಲ. ಸುರೇಶ್ ಆಗಿ ಗುರುದತ್, ಶಾಂತಿಯಾಗಿ ವಹೀದಾ ರೆಹಮಾನ್.

ಖಾಲಿ ಸ್ಟುಡಿಯೊದಲ್ಲಿ ಇಬ್ಬರೂ ದೂರ ದೂರ ನಿಂತಿರುವ ಒಂದು ಹಾಡಿದೆ. ಮೇಲಿನಿಂದ ಬಿಸಿಲಿನ ಕೋಲೊಂದು ನೆಲಕ್ಕೆ ಇಳಿದಿರುತ್ತದೆ. ಅದು ಲೈಟಲ್ಲ, ನಿಜವಾದ ಬಿಸಿಲು. ಮೂರ್ತಿಯವರು ಸ್ಟುಡಿಯೊ ಹೊರಗೊಂದು ದೊಡ್ಡ ಕನ್ನಡಿ ಇಟ್ಟು, ಬೆಳಕನ್ನು ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಬಿಟ್ಟರು. ಸೂರ್ಯ ಒಂದೆಡೆ ನಿಲ್ಲುವುದಿಲ್ಲ. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ ಎಂದು ನಾವೆಲ್ಲ ಫಿಸಿಕ್ಸ್‌ನಲ್ಲಿ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೇವೆ. ಆ ಕೋಲನ್ನು ಒಂದೇ ಕಡೆ ಹಿಡಿದು ನಿಲ್ಲಿಸುವುದು ಎಂಥ ಕೆಲಸ ಎಂದು ನನಗೆ ಹೊಳೆದದ್ದು ಮಾತ್ರ ಈ ಹಾಡು ನೋಡಿದಾಗ. ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಸಿನಿಮಾ ಮಾತ್ರ ಮಕಾಡೆ ಮಲಗಿತು.

ಯಾಕೆ ಸೋತಿತು? ಜನರಿಗೆ ಅರ್ಥವಾಗಲಿಲ್ಲ ಎಂದು ಅಭಿಮಾನಿಗಳು ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಸುರೇಶ್ ತನ್ನ ಮೇಲೆ ತಾನೇ ಮರುಕ ಪಡುವುದು ದ್ವಿತೀಯಾರ್ಧದಲ್ಲಿ ಅತಿಯಾಗುತ್ತದೆ. ಜಾನಿ ವಾಕರ್ ಮಾಡಿದ ಭಾವಮೈದ ರಾಕಿಯ ಕಾಮಿಡಿ ಬೇರೆ ಯಾವುದೋ ಸಿನಿಮಾದಿಂದ ತಂದು ಅಂಟಿಸಿದಂತಿದೆ (ನಮ್ಮ ಹಾಸ್ಟೆಲಿನಲ್ಲಿ ಆ ಭಾಗ ಬಂದಾಗ ಎಲ್ಲರ ಕೈ ಮೊಬೈಲಿಗೆ ಹೋಯಿತು). ಎಲ್ಲಕ್ಕಿಂತ ದೊಡ್ಡ ಕೊರತೆ ಹೆಂಡತಿ ಬೀನಾ ಪಾತ್ರ. ಅವಳು ಶ್ರೀಮಂತ ಮನೆಯ ಜಂಬದ ಹೆಂಗಸು, ಅಷ್ಟೇ. ಯಾಕೆ ದೂರವಾದಳು, ಅವಳಿಗೇನು ನೋವು ಎಂದು ಕ್ಯಾಮೆರಾ ಒಮ್ಮೆಯೂ ವಿಚಾರಿಸುವುದಿಲ್ಲ.

ಇದು ಕಾಡುವುದಕ್ಕೆ ಕಾರಣವಿದೆ. ಗುರುದತ್ 1953ರಲ್ಲಿ ಗಾಯಕಿ ಗೀತಾ ರಾಯ್ ಅವರನ್ನು ಮದುವೆಯಾದರು. ಆಗ ಗಂಡನಿಗಿಂತ ಹೆಂಡತಿಗೇ ಹೆಚ್ಚು ಹೆಸರು. ಮುಂದೆ ಗೀತಾರನ್ನೇ ನಾಯಕಿ ಮಾಡಿ 'ಗೌರಿ' ಎಂಬ ಬಂಗಾಳಿ ಚಿತ್ರ ಶುರುಮಾಡಿ, ಸ್ವಲ್ಪ ದಿನಕ್ಕೇ ಕೈಬಿಟ್ಟರು. ವಹೀದಾ ಜೊತೆ ಗುರುದತ್ ಹೆಸರು ತಳುಕು ಹಾಕಿ ಪತ್ರಿಕೆಗಳು ಬರೆಯುತ್ತಿದ್ದ ಕಾಲದಲ್ಲಿ, ಆ ಬಿಸಿಲುಕೋಲಿನ ಹಾಡಿಗೆ ದನಿಯಾದವರು ಇದೇ ಗೀತಾ ದತ್. ಗಂಡ ಇನ್ನೊಬ್ಬಳನ್ನು ಮೌನವಾಗಿ ನೋಡುವ ದೃಶ್ಯಕ್ಕೆ ಹೆಂಡತಿಯ ದನಿ! ಇಡೀ ಸಿನಿಮಾದಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ನನಗೆ ಆ ದನಿಯೇ.

ಸೋಲಿನ ನಂತರ ನಿರ್ದೇಶಕ ಎಂದು ಗುರುದತ್ ಮತ್ತೆ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಸಿನಿಮಾದ ಸುರೇಶ್ ನಿರ್ದೇಶಕನ ಕುರ್ಚಿಯಲ್ಲೇ ಸಾಯುತ್ತಾನೆ, ಗುರುದತ್ ಕೂಡ ಹಾಗೇ ಮುಗಿದುಹೋದರು ಎಂದು ಯೂಟ್ಯೂಬ್ ವಿಡಿಯೊಗಳು ಕಥೆ ಕಟ್ಟುತ್ತವೆ. ನಿಜ ಸಂಗತಿ ಬೇರೆ. ಮರುವರ್ಷವೇ ಎಂ. ಸಾದಿಕ್ ನಿರ್ದೇಶನದಲ್ಲಿ 'ಚೌದವೀ ಕಾ ಚಾಂದ್' ನಿರ್ಮಿಸಿ ನಟಿಸಿದರು. ಅದು ಭರ್ಜರಿಯಾಗಿ ಓಡಿ ಸ್ಟುಡಿಯೊ ಉಳಿಸಿತು. 1962ರಲ್ಲಿ ಅಬ್ರಾರ್ ಅಲ್ವಿ ಹೆಸರಿನಲ್ಲಿ 'ಸಾಹಿಬ್ ಬೀಬಿ ಔರ್ ಗುಲಾಮ್' ಬಂತು. ಗಂಡನಿಗಾಗಿ ಕಾಯುತ್ತಾ ಕುಡಿತಕ್ಕೆ ಬೀಳುವ ಹೆಂಡತಿಯೇ ಅದರ ಜೀವ. ಬೀನಾಗೆ ಸಿಗದ ನ್ಯಾಯ ಮೀನಾಕುಮಾರಿ ಮಾಡಿದ ಛೋಟಿ ಬಹೂ ಪಾತ್ರಕ್ಕೆ ಸಿಕ್ಕಿತು.

1964ರ ಅಕ್ಟೋಬರ್ 10ರಂದು ಬೊಂಬಾಯಿಯ ಪೆಡ್ಡರ್ ರಸ್ತೆಯ ಫ್ಲ್ಯಾಟಿನಲ್ಲಿ ಗುರುದತ್ ತೀರಿಕೊಂಡರು. 39 ವರ್ಷ. ಮದ್ಯ ಮತ್ತು ನಿದ್ರೆಮಾತ್ರೆ ಸೇರಿದ್ದೇ ಕಾರಣ. ಅದು ಆಕಸ್ಮಿಕವೋ ಅಲ್ಲವೋ ಎಂಬ ವಾದ ಇನ್ನೂ ನಿಂತಿಲ್ಲ. ಆಗ ಅವರು ನಾಯಕನಾಗಿ ನಟಿಸುತ್ತಿದ್ದ 'ಬಹಾರೇಂ ಫಿರ್ ಭಿ ಆಯೇಂಗಿ' ಅರ್ಧಕ್ಕೆ ನಿಂತಿತ್ತು. ಧರ್ಮೇಂದ್ರ ಆ ಪಾತ್ರ ಮಾಡಿ ಮುಗಿಸಿಕೊಟ್ಟರು. ಗೀತಾ 1972ರಲ್ಲಿ 41ನೇ ವಯಸ್ಸಿಗೆ ಹೋದರು. ಮೂರ್ತಿಯವರು 1993ರಲ್ಲಿ ಕನ್ನಡದ 'ಹೂವು ಹಣ್ಣು' ಚಿತ್ರಕ್ಕೂ ಕ್ಯಾಮೆರಾ ಹಿಡಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಪತ್ರಿಕೆಗಳು ಮೊದಲು ನೆನೆದದ್ದು ಸೋತ ಸಿನಿಮಾದ ಆ ಬಿಸಿಲುಕೋಲನ್ನೇ.